ನ್ಯಾಯಮೂರ್ತಿಗಳ ಐದು ತಿಂಗಳು

ದಿನಾಂಕವೊಂದನ್ನು ಎರಡು ಕಡೆ ತಾಳೆ ನೋಡದೆ ನಂಬುವವರನ್ನು ಕಂಡರೆ, ಕೈತೊಳೆಯದೆ ಊಟಕ್ಕೆ ಕೂತವರನ್ನು ಕಂಡಷ್ಟೇ ನನಗೆ ಕಸಿವಿಸಿ. ಸಂಶೋಧನೆಯಿಂದ ನಿವೃತ್ತನಾಗಿ ನಾಶಿಕದಲ್ಲಿ ನೆಲೆಸಿದ ಮೇಲೂ ಈ ಚಾಳಿ ಬಿಟ್ಟಿಲ್ಲ. ಮದುವೆಯ ಕರೆಯೋಲೆ ಬಂದರೂ ತಿಥಿ, ವಾರಗಳನ್ನು ಪಂಚಾಂಗದೊಡನೆ ಹೋಲಿಸುತ್ತೇನೆ. ಆದ್ದರಿಂದಲೇ ನನ್ನ ಹೆಂಡತಿ ಅವನ್ನು ನನ್ನ ಕೈಗೆ ಸಿಗದಂತೆ ಎತ್ತಿಡುತ್ತಾಳೆ.

ಈಚೆಗೆ ಛತ್ರಪತಿ ಸಂಭಾಜಿನಗರದ ಕನ್ನಡಿಗರ ಸಂಘದ ಕಾರ್ಯದರ್ಶಿ ಶಿವರಾಜರು ಫೋನ್ ಮಾಡಿದರು. ಬೀದರಿನಿಂದ ಅಲ್ಲಿಗೆ ಬಂದ ಕಿರಾಣಿ ವ್ಯಾಪಾರಿಯ ಮಗಳು ಮಹಾದೇವಿಯವರು ಹೊಸದಾಗಿ ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದರು. ಭಾನುವಾರ ಸನ್ಮಾನ, ಸಭೆಯಲ್ಲಿ ಓದಲು ಪರಿಚಯ ಲೇಖನವನ್ನು ನಾನು ಬರೆದುಕೊಡಬೇಕು. ತಾಲ್ಲೂಕು ಕೋರ್ಟಿನಲ್ಲಿ ವಕೀಲಿ, ಪರೀಕ್ಷೆ ಬರೆದು ಸಿವಿಲ್ ನ್ಯಾಯಾಧೀಶೆ, ನಾಶಿಕದಲ್ಲಿ ಜಿಲ್ಲಾ ನ್ಯಾಯಾಧೀಶೆ, ಈಗ ಹೈಕೋರ್ಟು: ಶಿವರಾಜರು ಕಳಿಸಿದ ವಿವರದಲ್ಲಿ ಮೆಟ್ಟಿಲುಗಳೆಲ್ಲ ಸರಿಯಾಗಿ ಕೂತವು. ಅಲುಗಾಡಿದ್ದು ಹುಟ್ಟು. ಅವರ ಅಣ್ಣ ಇಲ್ಲೇ ನಾಶಿಕದ ಸಾತಪುರದ ಕಾರ್ಖಾನೆಯಿಂದ ನಿವೃತ್ತರಾದಾಗ ಹಂಚಿದ್ದ ಕರಪತ್ರ ನನ್ನ ಕಡತದಲ್ಲಿತ್ತು. ಎರಡೂ ಜನ್ಮದಿನಾಂಕಗಳನ್ನು ಪಕ್ಕಪಕ್ಕ ಇಟ್ಟೆ. ಅಣ್ಣ ತಂಗಿಯರ ನಡುವೆ ಐದೇ ತಿಂಗಳು! ಕನ್ನಡಕ ಒರೆಸಿ ನೋಡಿದರೂ ಐದೇ. ತಪ್ಪು ತಾರೀಖನ್ನು ನ್ಯಾಯಮೂರ್ತಿಗಳೆದುರೇ ಓದಿಸಿದರೆ ನನ್ನ ಇಷ್ಟು ವರ್ಷದ ಹೆಸರಿನ ಗತಿಯೇನು? ಶನಿವಾರ ಬೆಳಿಗ್ಗೆಯೇ ಬಸ್ಸು ಹತ್ತಿದೆ.

ಸಂಭಾಜಿನಗರದ ಮನೆಯಲ್ಲಿ ನ್ಯಾಯಮೂರ್ತಿಗಳು ತಾಯಿ ನೀಲಮ್ಮನವರ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ತೊದಲುತ್ತ ವಿಷಯ ತಿಳಿಸಿದೆ.

"ಇಷ್ಟಕ್ಕ ನಾಶಿಕದಿಂದ ಬಂದ್ರೇನ್ರಿ?" ಎಂದರು ನೀಲಮ್ಮ. "ಅಣ್ಣನ ಬಿಟ್ಟು ಈಕಿ ಮನ್ಯಾಗ ನಿಲ್ತಿರಲಿಲ್ಲ. ಮಾಸ್ತರು ಇಬ್ಬರನೂ ಕೂಡೇ ಸಾಲಿಗಿ ಹಾಕ್ಕೊಂಡ್ರು. ಈಕಿಗಿ ವಯಸ್ಸು ಸಾಲಲಿಲ್ಲ, ಒಂದು ವರ್ಷ ಕೂಡಿಸಿ ಬರದ್ರು."

ಹಾಗಾದರೆ ಇವರು ಒಂದು ವರ್ಷ ಮೊದಲೇ ನಿವೃತ್ತರಾಗಬೇಕಲ್ಲ ಎಂದೆ.

"ಖರೇ ಅದರಿ," ಎಂದರು ನ್ಯಾಯಮೂರ್ತಿಗಳು, ಬೆಳ್ಳುಳ್ಳಿಯಿಂದ ಕಣ್ಣೆತ್ತದೆ. "ನೌಕರಿ ಮುಗಿಯೋ ಹೊತ್ತಿಗಿ ಹುಟ್ಟಿದ ತಾರೀಖು ತಿದ್ರಿ ಅಂತ ಬಂದವರ ಅರ್ಜಿ ಎಷ್ಟೋ ವಜಾ ಮಾಡೀನಿ. ಈಗ ನಂದು ಹಿಡಕೊಂಡು ಯಾರ ಮುಂದ ನಿಲ್ಲಲಿ? ನೀವೇನು ಬರೀತೀರಿ, ಅದು ಹೇಳ್ರಿ."

ದಾಖಲೆಯ ತಾರೀಖು ಬರೆದರೆ ಸುಳ್ಳು. ತಾಯಿಯ ಲೆಕ್ಕದ ತಾರೀಖು ಬರೆದರೆ ತುಂಬಿದ ಸಭೆಯಲ್ಲಿ ದಾಖಲೆಯೇ ಸುಳ್ಳೆಂದು ಸಾರಿದಂತೆ. ಬರುವಾಗ ಇದ್ದ ಶೌರ್ಯ ಬೆವರಾಗಿ ಇಳಿಯಿತು. ಅಲ್ಲೇ ಕೂತು, "ಇವರು ಬೀದರಿನಲ್ಲಿ ಜನಿಸಿದರು" ಎಂದು ಆರಂಭಿಸಿ, ಉಳಿದ ತಾರೀಖುಗಳಿಗೂ ಧೈರ್ಯ ಸಾಲದೆ, ಒಂದನ್ನೂ ಹಾಕದೆ ಲೇಖನ ಮುಗಿಸಿದೆ.

ಭಾನುವಾರ ಸಭೆ ಮುಗಿದ ಮೇಲೆ ಶಿವರಾಜರು ನನ್ನ ಕೈ ಹಿಡಿದುಕೊಂಡರು. "ಸರ್, ಇಷ್ಟು ವರ್ಷ ನೀವು ಬರದ ಲೇಖನದಾಗ ಇದೇ ಭಾಳ ಛಲೋ ಬಂದದ ನೋಡ್ರಿ. ಒಬ್ಬರೂ ಆಕಳಿಸಲಿಲ್ಲ."