ಟಿವಿಯಲ್ಲಿ ತುಂಬಿದ ಕೆರೆ

‘ಗೊತ್ತಿಲ್ಲ’ ಅನ್ನುವ ಮಾತು ಮನೆಯಲ್ಲಿ ನನ್ನ ಬಾಯಿಂದ ಸಲೀಸಾಗಿ ಬರುತ್ತದೆ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೆಂಡತಿ ಕೇಳಿದರೂ ಅದೇ, ಗ್ಯಾಸ್ ಯಾವಾಗ ಬರುತ್ತದೆ ಎಂದರೂ ಅದೇ. ಅದೇಕೋ ತರಗತಿಯೊಳಗೆ ಕಾಲಿಟ್ಟೊಡನೆ ಆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಮನೆ ಬೀದರಿನ ಚಿದ್ರಿಯಲ್ಲಿ. ವಿಜ್ಞಾನ ಕಲಿಸುವುದು ಭಾಲ್ಕಿ ಕಡೆಯ ಹಳ್ಳಿಯಲ್ಲಿ. ಆ ವರ್ಷ ಮಳೆ ಕೈಕೊಟ್ಟು, ಎಷ್ಟೋ ಮಕ್ಕಳು ಅಜ್ಜಿಯರ ಜೊತೆ ಉಳಿದಿದ್ದರು. ತಂದೆತಾಯಿ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿನಲ್ಲಿದ್ದರು. ಅಂಥದರಲ್ಲಿ ಶಾಲೆಗೆ ಗೋಡೆಯಷ್ಟಗಲದ ಟಿವಿ ಬಂತು. ಅದನ್ನು ಹಚ್ಚಲು ಕಲಿತ ಮೇಲೆ ನನ್ನ ಗತ್ತು ನೋಡಬೇಕಿತ್ತು!

ಭೂಮಿಯ ಪಾಠದ ದಿನ ಉಪಗ್ರಹದ ನಕ್ಷೆ ತೆರೆದೆ. ನೀಲಿ ಗೋಳ ಗಿರ್ರನೆ ತಿರುಗಿತು. ಏಳನೇ ತರಗತಿಯ ರೇಣುಕಾ ಎದ್ದಳು. ಅವಳ ಸ್ವಂತ ಊರು ಔರಾದ್ ಕಡೆ; ಇಲ್ಲಿ ಅಜ್ಜಿಯ ಮನೆಯಲ್ಲಿದ್ದಳು.

“ಸರ್, ನಮ್ಮೂರ ತೋರಸ್ರಿ.”

ತೋರಿಸಿದೆ. ಊರ ಪಕ್ಕದ ಕೆರೆ ತುಂಬಿ ತುಳುಕುತ್ತಿತ್ತು.

“ಇದು ಈಗಿಂದೇನ್ರಿ ಸರ್?”

ನನಗೆ ಗೊತ್ತಿರಲಿಲ್ಲ. “ಈಗಿಂದೇ. ಉಪಗ್ರಹ ಸುಳ್ಳ ಹೇಳ್ತದೇನು?” ಎಂದೆ.

ಹುಡುಗಿ ಸಂಜೆಯೇ ಹೈದರಾಬಾದಿನಲ್ಲಿದ್ದ ತಾಯಿಗೆ ಫೋನ್ ಮಾಡಿ, ಊರ ಕೆರೆ ತುಂಬಿದೆ ಎಂದು ಹೇಳಿದ್ದಳು. ಮುಂದಿನ ವಾರ ಆ ತಾಯಿ ಗಂಟು ಹೊತ್ತುಕೊಂಡು ಶಾಲೆಗೇ ಬಂದರು.

“ಸರ್, ಕೆಲಸ ಬಿಟ್ಟು ಊರಿಗಿ ಹೋಗಿ ನೋಡಿ ಬಂದೀನ್ರಿ. ಕೆರಿದಾಗ ಆಡು ಮೇಯಲತ್ತಾವ. ನೀರು ಯಾ ಕಡಿ ಅದ, ತೋರಸ್ರಿ.”

ಟಿವಿ ಹಚ್ಚಿದೆ. ಅದೇ ತುಂಬಿದ ಕೆರೆ. ಮೂಲೆಯಲ್ಲಿದ್ದ ಸಣ್ಣಕ್ಷರದ ತಾರೀಖನ್ನು ಆಗ ಓದಿದೆ. ಎಷ್ಟೋ ವರ್ಷ ಹಳೆಯ ಚಿತ್ರ!

“ಅಕ್ಕಾ, ತಪ್ಪು ನಂದದ...” ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತೆರೆಯ ಹತ್ತಿರ ಹೋಗಿ ಕೆರೆಯ ದಂಡೆ ಮುಟ್ಟಿ, “ಇಲ್ಲೇ ಅರಬಿ ಒಗೀತಿದ್ದೆವ್ರಿ” ಎಂದರು. ಆಮೇಲೆ, “ಮೇಸ್ತ್ರಿ ಬ್ಯಾರೆಯವರಿಗಿ ಕೆಲಸಕ್ಕ ಇಟ್ಕೊಂಡಿರ್ತಾನ” ಎಂದು ಗಂಟು ಎತ್ತಿಕೊಂಡರು.

ಅವರ ಎದುರೇ ಮೇಸ್ತ್ರಿಗೆ ಫೋನ್ ಹಚ್ಚಿ ನನ್ನ ಪ್ರತಾಪವನ್ನೆಲ್ಲ ಒಪ್ಪಿಸಿದೆ. ಅವನು ಬಿದ್ದು ಬಿದ್ದು ನಕ್ಕು, “ಕಳಸ್ರಿ ಮಾಸ್ಟರ್ ಸಾಬ್” ಎಂದ. ಆಕೆಯ ಕೆಲಸ ಉಳಿಯಿತು.

ಮರುದಿನ ಮಾನ ಉಳಿಸಿಕೊಳ್ಳಲು ನಾನು ಆಕಾಶಕ್ಕೇ ಹಾರಿದೆ. “ನೋಡ್ರಿ ಮಕ್ಕಳೇ, ನಕ್ಷತ್ರಗಳ ಬೆಳಕೂ ಹಳೇದೇ. ನಾವು ಕಾಣೋದು ಅವು ಮೊದಲು ಹ್ಯಾಂಗಿದ್ದವೋ ಹಂಗ.”

ರೇಣುಕಾ ತಲೆ ಎತ್ತಿದಳು. “ಖರೇ ಅದರಿ ಸರ್. ಆದ್ರ ನಕ್ಷತ್ರ ನೋಡಿ ಯಾರೂ ಬಸ್ ಹತ್ತಲ್ರಿ.”

ಬೆಲ್ ಹೊಡೆಯಲು ಇನ್ನೂ ಬಹಳ ಹೊತ್ತಿತ್ತು. ನಾನು ಬೋರ್ಡಿನ ಕಡೆ ತಿರುಗಿ, ಏನೂ ಬರೆದಿರದ ಬೋರ್ಡನ್ನು ಒರೆಸುತ್ತಾ ನಿಂತೆ.