ರಂಜಕ ಹತ್ತಿದ ಕಾಮಿಕ್ಸ್

ಅದು ಎಂದಿನಂಥ ಬುಧವಾರ. ಪರರಾಜ್ಯದ ಬಂದರಿನೂರು ಸಡಾದ ನಮ್ಮ ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಹಲಗೆಯ ಮೇಲೆ ಅರ್ಧ ರೊಟ್ಟಿ ಬರೆದಿದ್ದೆ. ಇನ್ನರ್ಧ ಬರೆಯುವಷ್ಟರಲ್ಲಿ ಪಕ್ಕದ ಮನೆಯವರ ಫೋನ್ ಬಂತು. ಮನೆ ಮುಟ್ಟಿದಾಗ ನನ್ನ ಹೆಂಡತಿಯನ್ನು ದವಾಖಾನೆಗೆ ಒಯ್ದಿದ್ದರು. ದವಾಖಾನೆ ಮುಟ್ಟಿದಾಗ ಅವಳು ಉಳಿದಿರಲಿಲ್ಲ. ಊಟ ಮಾಡುತ್ತ ಕಾಮಿಕ್ಸ್ ಓದುವುದು ಅವಳ ಅಭ್ಯಾಸ. ಅಂದು ಮಧ್ಯಾಹ್ನವೂ ಹೊಸದೊಂದನ್ನು ಹಿಡಿದು ಕೂತಿದ್ದಳಂತೆ. ಓಡಿ ಬಂದ ಜನ ತಾಟು ಎತ್ತಿಟ್ಟು, ಪುಸ್ತಕ ಮುಚ್ಚಿ ಕಿಟಕಿಯಲ್ಲಿ ಇಟ್ಟಿದ್ದರು.

ನಾನು ಕಾಮಿಕ್ಸ್ ಓದಿದವನಲ್ಲ. ಅವಳು ಬಂದರಿನ ಹತ್ತಿರದ ರದ್ದಿ ಅಂಗಡಿಯಿಂದ ಕಟ್ಟುಗಟ್ಟಲೆ ತರುತ್ತಿದ್ದಳು. ಹಡಗಿನ ಖಲಾಸಿಗಳು ಬಿಟ್ಟುಹೋದ ಪುಸ್ತಕಗಳೇ ಹೆಚ್ಚು. ಯಾವ ದೇಶದ್ದೋ, ಯಾವ ಭಾಷೆಯದೋ. "ಚಿತ್ರ ಓದಾಕ ಅಕ್ಷರ ಯಾಕ ಬೇಕ್ರಿ?" ಎನ್ನುತ್ತಿದ್ದಳು.

ಕೆಲವು ವಾರಗಳ ಮೇಲೆ ಕಿಟಕಿಯ ಪುಸ್ತಕ ತೆರೆದೆ. ಜಪಾನಿನದು. ಮೊದಲ ಪುಟದಲ್ಲೇ ಹೂವಿನ ನಡುವೆ ಒಬ್ಬ ಹೆಂಗಸಿನ ಫೋಟೊ, ಅದರ ಮುಂದೆ ಊದುಬತ್ತಿ, ತಲೆ ತಗ್ಗಿಸಿ ಕೂತ ಗಂಡ. ಮುಚ್ಚಿಬಿಟ್ಟೆ. ಕೊನೆಯ ಊಟದ ಹೊತ್ತಿನಲ್ಲಿ ಅವಳು ನೋಡಿದ್ದು ಇದನ್ನೇ ಏನು ಎಂಬ ಪ್ರಶ್ನೆ ನನ್ನ ಜೊತೆ ಉಳಿಯಿತು. ಅದೊಂದನ್ನು ಕಿಟಕಿಯಲ್ಲೇ ಇಟ್ಟು, ಉಳಿದವನ್ನು ಬೇಕಾದವರು ಓದಲೆಂದು ಕಟ್ಟೆಯ ಮೇಲೆ ಜೋಡಿಸಿದೆ. ಅಂದಿನಿಂದ ನಮ್ಮ ಓಣಿಯಲ್ಲಿ ಮುಂದೆ ಹೇಳುವಂಥ ಪ್ರಸಂಗಗಳು ನಡೆಯುತ್ತಲೇ ಇವೆ.

ಹಾರುವ ಮನುಷ್ಯ

ಮೊದಲು ಬಂದವನು ಹಿಂದಿನ ಮನೆಯ ಗೌಂಡಿ. ಸಾಂಕೋಲೆಯಲ್ಲಿ ಕಟ್ಟಡದ ಕೆಲಸ. ಅವನು ಆರಿಸಿದ ಪುಸ್ತಕದಲ್ಲಿ ಹಾರುವ ಮನುಷ್ಯನೊಬ್ಬ ದುಷ್ಟನನ್ನು ಹಿಡಿಯಲು ಗೋಡೆಗಳನ್ನು ಒಡೆದುಕೊಂಡೇ ಹೋಗುತ್ತಾನೆ.

"ಮಾಸ್ತರ್ರ, ಈ ಗ್ವಾಡಿ ಮತ್ತ ಕಟ್ಟಾವ್ರು ಯಾರ್ರಿ?"

"ಅದನ್ನ ತೋರಿಸಿಲ್ಲ."

"ಮುಂದಿನ ಪುಟದಾಗ ಊರು ಮೊದಲಿನಂಗ ಐತಿ. ಅಂದ್ರ ಯಾರೋ ಕಟ್ಟ್ಯಾರ." ಬಹಳ ಹೊತ್ತು ಆ ಪುಟವನ್ನೇ ನೋಡಿದ. "ಇಂಥಾವ ಒಬ್ಬ ಸಾಂಕೋಲ್ಯಾಗ ಬಂದಿಳದ್ರ ಸಾಕಿತ್ರಿ. ನಾವು ಮುಂಜಾನೆದ್ದು ಕೂಲಿಗೆ ಕರಿಯಾವ್ರ ದಾರಿ ಕಾಯ್ಕೋತ ರಸ್ತೆ ನಾಕಾದ ಮ್ಯಾಲ ನಿಂದ್ರೂದು ತಪ್ತಿತ್ತು."

ದೇವರ ಪುಸ್ತಕ

ಓಣಿಯ ಮೂಲೆಯ ಕಿರಾಣಿ ಅಂಗಡಿಯವರು ಬೆಳಗಾವಿ ಕಡೆಯವರು. ಅವರು ಪುರಾಣದ ಕಾಮಿಕ್ಸ್ ಒಂದನ್ನು, ಚಪ್ಪಲಿ ಬಿಟ್ಟು, ಎರಡೂ ಕೈಯಲ್ಲಿ ಒಯ್ದರು. ತಿಂಗಳಾದರೂ ಬರಲಿಲ್ಲ. ಕೇಳಲು ಹೋದರೆ ಪುಸ್ತಕ ದೇವರ ಜಗಲಿಯ ಮೇಲಿತ್ತು. ತೆಗೆದು ತೋರಿಸಿದರು. ಪ್ರತಿ ಚಿತ್ರದಲ್ಲಿ ದೇವರ ಹಣೆಗೆ ಕುಂಕುಮ ಹಚ್ಚಿದ್ದರು. ಗದೆ ಹಿಡಿದ ರಾಕ್ಷಸನ ಹಣೆಗೂ ಹಚ್ಚಿದ್ದರು.

"ಇವಗ್ಯಾಕ ಹಚ್ಚೀರಿ?" ಎಂದೆ.

"ಅಂಗಡಿ ಮಂದಿ ನಾವು, ಮಾಸ್ತರ್ರ. ಯಾರನ್ನೂ ಎದುರು ಹಾಕ್ಕೊಳ್ಳೂದಿಲ್ಲ."

ಪತ್ತೇದಾರಿ

ಝುವಾರಿನಗರದ ಕಡೆ ಯಾವುದೋ ಗೋದಾಮಿಗೆ ಕಾವಲಿರುವ ಹಿರಿಯರೊಬ್ಬರು ಪತ್ತೇದಾರಿ ಕಾಮಿಕ್ಸ್ ಒಯ್ದು ಮರುದಿನವೇ ತಂದಿಟ್ಟರು. ಇನ್ನೊಂದು ಒಯ್ದರು, ಅದನ್ನೂ ತಂದಿಟ್ಟರು. ಚೆನ್ನಾಗಿರಲಿಲ್ಲವೇ ಎಂದು ಕೇಳಿದೆ.

"ಚಲೋ ಅದಾವ್ರಿ. ಆದ್ರ ಎಲ್ಲಾದ್ರಾಗೂ ಮೊದ್ಲ ವಾಚ್‌ಮನ್ನನ್ನ ಕೊಲ್ತಾರ. ಮುಂದ ನಾ ಯಾಕ ಓದಲಿ?"

ದೆವ್ವದ ಪುಸ್ತಕ

ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ಪಕ್ಕದ ಮನೆಯಾಕೆ ನನ್ನ ಹೆಂಡತಿಯ ಗೆಳತಿ; ಅವಳನ್ನು ವೈನಿ ಎಂದೇ ಕರೆಯುತ್ತಿದ್ದಳು. ಧೈರ್ಯಸ್ಥೆ. ದೆವ್ವದ ಕಾಮಿಕ್ಸನ್ನೇ ಬೇಡಿ ಒಯ್ದಳು. ಮರುದಿನ ಮುಂಜಾನೆ ಪುಸ್ತಕವನ್ನು ಎರಡು ಬೆರಳಲ್ಲಿ ಹಿಡಿದು ಬಂದಳು.

"ಮಾಸ್ತರ್ರ, ಈ ಪುಸ್ತಕದಾಗಿಂದು ಖರೇ ರಕ್ತ ಐತ್ರಿ. ಕೈಗೆ ಹತ್ತಾಕತ್ತೈತಿ."

ನೋಡಿದರೆ ದೆವ್ವದ ಬಾಯಿಯ ಪಕ್ಕ ಎಣ್ಣೆಯೆಣ್ಣೆಯಾದ ಕೆಂಪು ಕಲೆ. ಆಕೆ ಧೈರ್ಯ ಮಾಡಿ ಮೂಸಿ ನೋಡಿದಳು. ಇನ್ನೊಮ್ಮೆ ಮೂಸಿದಳು.

"ಇದು ವೈನ್ಯಾರ ರಂಜಕ."

ಹಣ್ಣುಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು ನನ್ನ ಹೆಂಡತಿ ಮಾಡುತ್ತಿದ್ದ ಚಟ್ನಿ ಅದು. ಅದಿಲ್ಲದೆ ಅವಳ ಊಟವಿಲ್ಲ. ರೊಟ್ಟಿ ಮುರಿದ ಬೆರಳಲ್ಲೇ ಪುಟ ತಿರುವುತ್ತಿದ್ದಳು. ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಬಳ್ಳೊಳ್ಳಿ ಭಾಳ ಹಾಕ್ತಿದ್ರು," ಎಂದಳು. "ಎಷ್ಟ ಸಲ ಹೇಳಿದ್ರೂ ಕೇಳಲಿಲ್ಲ. ಈಗ ದೆವ್ವಕ್ಕೂ ಖಾರ ಆಗೈತಿ."

ಆ ಸಂಜೆ ಕಟ್ಟೆಯ ಮೇಲಿದ್ದ ಪುಸ್ತಕಗಳನ್ನೆಲ್ಲ ತೆರೆದು ನೋಡಿದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅಲ್ಲಲ್ಲಿ ರಂಜಕ. ಯಾವುದನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಕಿಟಕಿಯದೊಂದನ್ನು ಮಾತ್ರ ತೆರೆಯಲಿಲ್ಲ.

ಜಪಾನಿನ ಪುಸ್ತಕ

ಕಟ್ಟೆಯ ಮೇಲಿನವೆಲ್ಲ ಮುಗಿದ ಮೇಲೆ ಗೌಂಡಿಯ ಕಣ್ಣು ಕಿಟಕಿಯ ಮೇಲೆ ಬಿತ್ತು. "ಅದನ್ಯಾಕ ಬ್ಯಾರೆ ಇಟ್ಟೀರಿ?" ಎಂದ. ಕೊಡುವುದಿಲ್ಲ ಎಂದರೆ ಕಾರಣ ಹೇಳಬೇಕಾಗುತ್ತಿತ್ತು. ಕೊಟ್ಟೆ.

ರವಿವಾರ ಬಂದು ಕಟ್ಟೆಯ ಮೇಲೆ ಕುಳಿತ.

"ಇಂಥಾ ಕತಿ ಮಾಡಾಕ ಧೈರ್ಯ ಬೇಕ್ರಿ, ಮಾಸ್ತರ್ರ. ಮೊದಲಿಗೇ ಆಕಿ ತೀರಿಕೊಂಡಾಳ. ಆಮ್ಯಾಲೆ ದವಾಖಾನಿ. ಅಲ್ಲೇ ಒಂದೀಟ ಒಂದೀಟ ಆರಾಮಾಗಿ ಮನಿಗಿ ಬಂದ್ಲು. ಆಮ್ಯಾಲೆ ಮದುವಿ ಆತು. ಮದುವಿ ಆದಮ್ಯಾಲೆ ಇಬ್ರೂ ಹೊಳಿ ದಂಡಿಗೆ ತಿರಗ್ಯಾಡಿದ್ರು. ಕಡೀಕ ಒಂದ ಬಸ್ ಸ್ಟ್ಯಾಂಡಿನ್ಯಾಗ ನಿಂತಾರ, ಒಬ್ಬರ ಗುರ್ತ ಒಬ್ರಿಗಿಲ್ಲ."

"ಗುರ್ತ ಇಲ್ಲ?"

"ಮದುವಿ ಆಗಿ ಭಾಳ ವರ್ಷ ಆದ್ರ ಹಂಗ ಆಕ್ಕೈತ್ರಿ. ನಮ್ಮನ್ಯಾಗೂ ಹಂಗ ಐತಿ."

ನಾನು ಪುಸ್ತಕಕ್ಕೆ ಕೈ ಚಾಚಿದೆ. ಅವನು ಕೊಡಲಿಲ್ಲ.

"ಒಂದು ತಿಳೀಲಿಲ್ರಿ. ಪುಟದ ನಂಬರ ಯಾಕ ಇಳಕೋತ ಹೋಗ್ತಾವು? ಮೊದ್ಲ ನೂರಾ ಎಂಬತ್ತು, ಕಡೀಕ ಒಂದು. ಇನ್ನ ಎಷ್ಟ ಉಳದೈತಿ ಅಂತ ತೋರ್ಸಾಕ ಹಾಕಿರಬೇಕಂತ ತಿಳಕೊಂಡೆ. ಜಪಾನದಾವ್ರು ಶಾಣ್ಯಾರ್ರಿ."

ನಾನು ಗಣಿತದ ಮಾಸ್ತರ. ಪುಟದ ಸಂಖ್ಯೆಯನ್ನು ನೋಡಿರಲಿಲ್ಲ. ಪುಸ್ತಕ ಇಸಿದುಕೊಂಡು ತಿರುಗಿಸಿದೆ. ನಮಗೆ ಹಿಂದಿನ ರಟ್ಟು ಯಾವುದೋ ಅದೇ ಅವರ ಮುಂದಿನ ರಟ್ಟು. ಅವನಿಗೆ ಹೇಳಿದೆ.

ಅವನು ಊದುಬತ್ತಿಯ ಪುಟ ತೆರೆದ. "ಅಂದ್ರ ಖರೇ ಆಕಿ ಸಾಯ್ತಾಳ?"

"ಹೌದು. ಕೊನೆಗೆ."

"ಹಂಗಾದ್ರ ನಾ ಓದಿದ್ದ ಚಲೋ ಆತು ಬಿಡ್ರಿ," ಎಂದು ಎದ್ದು ಹೋದ.

ಒಳಗೆ ಬಂದು ಒಂದನೆಯ ಪುಟದಿಂದ ನೋಡಿದೆ. ಬಸ್ ಸ್ಟ್ಯಾಂಡಿನ ಕಂಬದ ಪಕ್ಕ ಹೆಬ್ಬೆರಳಿನ ಗಾತ್ರದ ಕೆಂಪು ಕಲೆ. ಹೊಳೆಯ ದಂಡೆಯಲ್ಲಿ ಒಂದು. ಮದುವೆಯಲ್ಲಿ ಎರಡು. ಅದರಿಂದ ಸ್ವಲ್ಪ ಮುಂದೆ ಕಲೆಗಳು ನಿಂತವು. ಅಲ್ಲಿಂದ ದವಾಖಾನೆ, ಊದುಬತ್ತಿಯವರೆಗೆ ಒಂದು ಹಾಳೆಗೂ ಕಲೆಯಿಲ್ಲ. ಕೊನೆಯ ಕಲೆ ಇರುವ ಪುಟದಲ್ಲಿ ಗಂಡ ಹೆಂಡತಿ ಊಟಕ್ಕೆ ಕೂತಿದ್ದಾರೆ.