ಬಾಳೆಗಡ್ಡಿಯ ಚಂಡಮಾರುತ ಸಮಿತಿ

ಗಂಡ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತರೆ ಹೇಗೋ ಸಹಿಸಬಹುದು. ಅವನಿಗೆ ಅಧ್ಯಕ್ಷ ಪದವಿ ಸಿಕ್ಕಿತೋ, ಮನೆಯಲ್ಲಿ ಹೆಂಗಸು ಬಾಳುವುದು ಕಷ್ಟ. ನಮ್ಮ ಮನೆಯವರಿಗೆ ಹೋದ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ಆ ಯೋಗ ಕೂಡಿಬಂತು. ಅವರ ಹೆಸರು ಗೌರೀಶ. (ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಅನ್ನುತ್ತಾರೆ ನಮ್ಮತ್ತೆ. ನಡೆದದ್ದನ್ನು ಕೇಳಿದ ಮೇಲೆ ನೀವೇ ನನಗೆ ಮಾಫಿ ಕೊಡುತ್ತೀರಿ.)

ನಮ್ಮದು ಬಾಳೆಗಡ್ಡಿ. ಗಂಗಾವತಿ ತಾಲೂಕಿನ ಅಂಚಿನಲ್ಲಿ ತುಂಗಭದ್ರೆ ಎರಡು ಸೀಳಾಗಿ ಹರಿದು ಮತ್ತೆ ಕೂಡುತ್ತದಲ್ಲ, ಅದರ ನಡುವೆ ಉಳಿದ ನೆಲ. ಒಂದಿಷ್ಟು ಬಾಳೆತೋಟ, ಒಂದಿಷ್ಟು ಭತ್ತದ ಗದ್ದೆ, ಬೆರಳಲ್ಲಿ ಎಣಿಸಬಹುದಾದಷ್ಟು ಮನೆಗಳು. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಡ ಸೇರಬಹುದು. ಹೊಳೆ ತುಂಬಿದಾಗ ಉಮರಸಾಬನ ಹರಿಗೋಲೇ ಗತಿ. ನಾನು ಕುಕನೂರಿನ ಕಡೆಯವಳು. ನಮ್ಮ ತವರಿನಲ್ಲಿ ನೀರು ಟ್ಯಾಂಕರಿನಲ್ಲಿ ಕೂತು ಬರುತ್ತದೆ, ಜನ ಬೀಗರನ್ನು ಕಂಡಂತೆ ಓಡಿಹೋಗಿ ಎದುರುಗೊಳ್ಳುತ್ತಾರೆ. ನೀರು ಬಂದರೆ ಬೆನ್ನು ತಿರುಗಿಸಿ ಓಡಬೇಕು ಎಂಬ ವಿದ್ಯೆಯನ್ನು ಅಂಥ ಊರಿನವಳಿಗೆ ಯಾರು ಕಲಿಸಬೇಕು?

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ ಎಂದು ಟಿವಿಯಲ್ಲಿ ಬಂತು. ಸುದ್ದಿ ಓದುವವನ ಬೆನ್ನ ಹಿಂದೆ ತೆಂಗಿನ ಮರಗಳು ನೆಲ ಮುಟ್ಟಿ ಏಳುತ್ತಿದ್ದವು. ಅವನ ತಲೆಯ ಒಂದು ಕೂದಲೂ ಅಲ್ಲಾಡುತ್ತಿರಲಿಲ್ಲ. ಗಂಟಲು ಮಾತ್ರ ಹರಿಯುತ್ತಿತ್ತು. ಮನೆಯವರು ರೊಟ್ಟಿಯ ತುತ್ತನ್ನು ಕೈಯಲ್ಲೇ ಹಿಡಿದು ಎದ್ದು ನಿಂತರು.

"ಭವಾನಿ, ಅದು ಈ ಕಡೆ ತಿರುಗೈತಿ."

"ಯಾವುದ್ರಿ?"

"ಚಂಡಮಾರುತ! ಆಂಧ್ರಕ್ಕ ಬಡಿದು, ರಾಯಚೂರ ಮ್ಯಾಲೆ ಹಾದು, ಸೀದಾ ನಮ್ಮ ಗಡ್ಡಿಗೆ."

"ನಿಮ್ಮ ಮನಿ ವಿಳಾಸ ಕೇಳ್ಕೋತ ಬರಾಕತ್ತೈತೇನು? ಕೊಪ್ಪಳ ಜಿಲ್ಲಾದಾಗ ಸಮುದ್ರ ಎಲ್ಲೈತ್ರಿ?"

"ನಿನಗ ತಿಳಿಯಂಗಿಲ್ಲ. ಸುತ್ತ ನೀರಿದ್ರ ಅದು ದ್ವೀಪ. ದ್ವೀಪದವ್ರು ಭಾಳ ಹುಷಾರಿರಬೇಕು ಅಂತ ಟಿವಿಯಾಗ ಹೇಳ್ಯಾರ."

ಚಂಡಮಾರುತಕ್ಕೆ ಒಂದು ಹೆಸರನ್ನೂ ಇಟ್ಟಿದ್ದರು. ನಮ್ಮತ್ತೆ ಪಾರಮ್ಮನವರಿಗೆ ಕಿವಿ ತುಸು ಮಂದ. ಯಾರೋ ನೆಂಟರು ಬರುತ್ತಿದ್ದಾರೆಂದು ತಿಳಿದು ಮೂಲೆಯಿಂದ ಕೇಳಿದರು, "ಬಂದವ್ರು ಎಷ್ಟ ದಿನ ಇರತಾರಂತ? ಜ್ವಾಳದ ಹಿಟ್ಟು ತೀರೈತಿ ಮತ್ತ."

ಮರುದಿನ ಬೆಳಿಗ್ಗೆ ಅರಳಿಕಟ್ಟೆಯ ಮೇಲೆ 'ಬಾಳೆಗಡ್ಡಿ ಚಂಡಮಾರುತ ಮುಂಜಾಗ್ರತಾ ಸಮಿತಿ' ಅವತರಿಸಿತು. ಸರ್ವಾನುಮತದಿಂದ ಮನೆಯವರೇ ಅಧ್ಯಕ್ಷರು. (ಮತ ಹಾಕಿದವರಲ್ಲಿ ಅರ್ಧ ಜನ ಬಿಸಿಲು ಕಾಯಿಸಲು ಕೂತವರು.) ಹರಿಗೋಲು ಇರುವ ಕಾರಣಕ್ಕೆ ಉಮರಸಾಬ ಕಾರ್ಯದರ್ಶಿ. ಅಧ್ಯಕ್ಷರಿಗೆ ಮೈಕು ಬೇಡವೇ? ಗಂಗಾವತಿಯ ಸಂತೆಯಲ್ಲಿ ತರಕಾರಿ ಮಾರುವವನೊಬ್ಬನಿಂದ ಕೈಯಲ್ಲಿ ಹಿಡಿಯುವ ಮೈಕನ್ನು ತಂದರು. ಅದರೊಳಗೆ ಅವನ ಧ್ವನಿ ಮೊದಲೇ ತುಂಬಿತ್ತು. ಅದನ್ನು ಬಂದ್ ಮಾಡುವ ಗುಂಡಿ ಯಾವುದೆಂದು ಕೊನೆಯವರೆಗೂ ಯಾರಿಗೂ ತಿಳಿಯಲಿಲ್ಲ.

"ಬಾಳೆಗಡ್ಡಿಯ ಮಹಾಜನರಲ್ಲಿ ವಿನಂತಿ! ಭೀಕರವಾದ ಆಪತ್ತು ನಮ್ಮತ್ತ ಧಾವಿಸಿ..." ಎಂದು ಮನೆಯವರು ಶುರುಮಾಡಿದರೆ, ನಡುವೆ ಇನ್ನೊಂದು ಗಂಟಲು ಒದರುತ್ತಿತ್ತು, "ಉಳ್ಳಾಗಡ್ಡೀ! ಹೊಸಾ ಉಳ್ಳಾಗಡ್ಡೀ!"

ಎದುರು ದಡದ ಹೆಂಗಸರು ಚೀಲ ಹಿಡಿದು ನೀರಿನ ಅಂಚಿಗೆ ಬಂದು ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಶುರುವಾಯಿತು ಕಟ್ಟುವ ಕೆಲಸ. ತಗಡಿನ ಮಾಡಿಗೆ ಹಗ್ಗ ಕಟ್ಟಿದರು, ಅದರ ಮೇಲೆ ಕಲ್ಲು ಹೇರಿದರು. ಬಾಗಿಲು ಹಾರೀತೆಂದು ಅದನ್ನು ಬೇವಿನ ಮರಕ್ಕೆ ಕಟ್ಟಿದರು. ಬಾಗಿಲು ತೆಗೆಯಬೇಕಾದರೆ ಈಗ ಮರ ನಡೆದು ಬರಬೇಕು. ಪಾತ್ರೆ, ಬಟ್ಟೆ, ದೇವರ ಫೋಟೋ ಎಲ್ಲ ಗೊಬ್ಬರದ ಖಾಲಿ ಚೀಲಗಳ ಹೊಟ್ಟೆ ಸೇರಿ, ಬಾಯಿ ಬಿಗಿಸಿಕೊಂಡು ಗೋಡೆಗೆ ಒರಗಿದವು. ಒಲೆಯ ಮೇಲೆ ಸಾರು ಕುದಿಯುತ್ತಿದೆ, ಉಪ್ಪಿಲ್ಲ.

"ಉಪ್ಪಿನ ಡಬ್ಬಿ ಎಲ್ಲೈತ್ರಿ?"

"ಸುರಕ್ಷಿತ ಐತಿ."

"ಎಲ್ಲಿ?"

"ಸುರಕ್ಷಿತ ಜಾಗದಾಗ."

"ಆ ಜಾಗ ಯಾವುದು?"

ಅಧ್ಯಕ್ಷರು ಸಾಲಾಗಿ ಕೂತ ಚೀಲಗಳನ್ನು ದಿಟ್ಟಿಸಿ ನೋಡಿದರು. ಎಲ್ಲವೂ ಒಂದೇ ತಾಯಿಯ ಮಕ್ಕಳಂತಿದ್ದವು. "ಇವತ್ತೊಂದಿನ ಸಪ್ಪಗ ಉಣ್ಣೂನು. ದೇಹಕ್ಕ ಛಲೋ," ಎಂದರು.

ಇದೆಲ್ಲ ಸಾಲದೆಂದು ಒಂದು ತಾಲೀಮೂ ಆಯಿತು. ಗಾಯಗೊಂಡವರನ್ನು ದಡಕ್ಕೆ ಸಾಗಿಸುವುದು ಹೇಗೆ ಎಂಬ ತಾಲೀಮು. ಗಾಯಾಳುವಿನ ಪಾತ್ರಕ್ಕೆ ಯಾರೂ ಒಪ್ಪದಿದ್ದಾಗ ನಮ್ಮತ್ತೆ ಮುಂದೆ ಬಂದರು. ಹೊರಸಿನ ಮೇಲೆ ಮಲಗಿಸಿ ಗಟ್ಟಿಗರು ಹೆಗಲು ಕೊಟ್ಟು ಹೊಳೆಯವರೆಗೆ ಹೊತ್ತರು. ನನ್ನ ಮದುವೆಯ ದಿನದಿಂದ ಅವತ್ತಿನವರೆಗೆ ಅತ್ತೆಯ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ಇಳಿಸಿದ ಕೂಡಲೇ ಕೈಯೆತ್ತಿದರು. "ಇನ್ನೊಮ್ಮಿ ಮಾಡ್ರೋ ಎಪ್ಪಾ. ಈ ಸಲ ನಾ ಸರಿಯಾಗಿ ನರಳಲಿಲ್ಲ."

ಇನ್ನೊಮ್ಮೆ ಹೊತ್ತರು. ಮಗುದೊಮ್ಮೆಯೂ ಹೊತ್ತರು. ಸಂಜೆಯ ಹೊತ್ತಿಗೆ ಗಾಯಾಳು ಗಟ್ಟಿಮುಟ್ಟಾಗಿದ್ದರು, ಹೊತ್ತವರೆಲ್ಲ ಸೊಂಟ ಹಿಡಿದುಕೊಂಡು ಮಲಗಿದ್ದರು.

ನಾನು ಆ ಕಡೆ ತಲೆ ಹಾಕಲಿಲ್ಲ. ನನ್ನ ಚಿಂತೆ ಬೇರೆಯೇ ಇತ್ತು. ಕೊಟ್ಟಿಗೆಯಲ್ಲಿ ನಮ್ಮ ಎಮ್ಮೆ ಚಂದ್ರಿ ದಿನ ತುಂಬಿ ನಿಂತಿತ್ತು, ಇವತ್ತೋ ನಾಳೆಯೋ ಈಯಬೇಕು. ನಾನೇ ಕರುವಿನಿಂದ ಸಾಕಿದ ಎಮ್ಮೆ. ಅಧ್ಯಕ್ಷರ ಮುಂದೆ ಹೋಗಿ ನಿಂತೆ.

"ಚಂದ್ರಿದು ಏನ ಮಾಡತೀರಿ?"

"ಯಾವ ಚಂದ್ರಿ?"

(ಮುಂಜಾನೆದ್ದು ಇಷ್ಟು ದಿನ ಕುಡಿದ ಚಹಾದ ಹಾಲು ಯಾರದ್ದು ಅಂತ ಗೊತ್ತಿಲ್ಲದ ಮನುಷ್ಯ ಇಡೀ ದ್ವೀಪವನ್ನು ಉದ್ಧಾರ ಮಾಡಲು ಹೊರಟಿದ್ದ.)

"ನಮ್ಮ ಗಬ್ಬದ ಎಮ್ಮಿ! ಹರಿಗೋಲದಾಗ ಹತ್ತಸ್ತೀರೇನು ಅದನ್ನ?"

"ಹಾಂ, ಎಮ್ಮಿ. ಅದು ಎರಡನೇ ಹಂತದಾಗ ಬರತೈತಿ."

"ಎರಡನೇ ಹಂತ ಅಂದ್ರ?"

"ಮೊದಲನೇ ಹಂತ ಮುಗಿದ ಮ್ಯಾಲೆ ವಿಚಾರ ಮಾಡೋದು."

"ಹಂಗಾರ ನನ್ನನ್ನೂ ಎರಡನೇ ಹಂತದಾಗ ಬರೀರಿ. ಚಂದ್ರಿನ್ನ ಬಿಟ್ಟು ನಾ ಒಂದು ಹೆಜ್ಜಿ ಕಿತ್ತಂಗಿಲ್ಲ."

"ಉಳ್ಳಾಗಡ್ಡೀ!" ಎಂದಿತು ಅವರ ಕಂಕುಳಲ್ಲಿದ್ದ ಮೈಕು. ನನ್ನ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ ತಿಳಿಯಲಿಲ್ಲ.

ಹೊರಡುವ ದಿನವೂ ಬಂತು. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು, ಸಣ್ಣಗೆ ಹನಿಯುತ್ತಿತ್ತು. ಗಾಳಿ? ಹಗ್ಗದ ಮೇಲೆ ಹರವಿದ್ದ ನನ್ನ ಸೀರೆಯ ಸೆರಗು ಅಲುಗುತ್ತಿರಲಿಲ್ಲ. ಮೇಲ್ಗಡೆ ಭಾರೀ ಮಳೆಯಾಗಿ ಡ್ಯಾಮು ತುಂಬಿದೆ, ಗೇಟು ತೆಗೆಯುತ್ತಾರೆ, ಗಡ್ಡಿಯವರೆಲ್ಲ ದಡದ ಕನ್ನಡ ಸಾಲೆಗೆ ಬನ್ನಿ ಎಂದು ತಹಶೀಲ್ದಾರ್ ಕಚೇರಿಯಿಂದ ಬಂದವರು ಆಚೆ ದಡದಲ್ಲಿ ನಿಂತು ಕೂಗಿದರು. ಡ್ಯಾಮಿನ ಗೇಟು ಪ್ರತಿ ವರ್ಷ ತೆಗೆಯುತ್ತಾರೆ, ಗದ್ದೆಗೆ ಒಂದಿಷ್ಟು ಕೆಸರು ಬರುತ್ತದೆ, ಇದೂ ಒಂದು ಸುದ್ದಿಯೇ ಎಂದು ನಾನು ಮೂಗು ಮುರಿದೆ.

ನಮ್ಮ ಧೀರರ ದಂಡು ಹೊರಟ ಚಂದವನ್ನು ನೋಡಬೇಕಿತ್ತು. ಒಬ್ಬರ ತಲೆಯ ಮೇಲೆ ಟಿವಿ, ಇನ್ನೊಬ್ಬರ ಬಗಲಲ್ಲಿ ಹುಂಜ. ನಮ್ಮತ್ತೆಯಂತೂ ನಡೆಯಲು ಸಾಫ್ ನಿರಾಕರಿಸಿ ಹೊರಸು ತರಿಸಿಕೊಂಡರು. ಎಲ್ಲರನ್ನೂ ದಾಟಿಸಿ ಕೊನೆಯಲ್ಲಿ ತಾವು ಹೊರಡಬೇಕಾದ ಅಧ್ಯಕ್ಷರು ಮೊದಲನೇ ಹರಿಗೋಲಿನಲ್ಲೇ ಮೈಕು ಹಿಡಿದು ಕೂತಿದ್ದರು. ದಡದಲ್ಲಿ ನಿಂತು ಮಾರ್ಗದರ್ಶನ ಮಾಡಬೇಕಂತೆ.

ನಾನು ಬಣವೆಯ ಹಿಂದೆ ನಿಂತೆ. ಉಮರಸಾಬ ಕೊನೆಯ ಸಲ ಬಂದು ಕೂಗಿದ, "ವೈನೀ! ಭವಾನಿ ವೈನೀ! ಬರ್ರಿ ಲಗೂನ!"

"ನೀವ ನಡೀರಿ ಉಮರಣ್ಣ! ಚಂಡಮಾರುತ ಬಂದು ಬಾಗಲಾ ಬಡಿದ ಮ್ಯಾಲೆ ಬರತೀನಿ!"

ಅವನಿಗೆ ಕೇಳಿಸಿದ್ದು 'ಬರತೀನಿ' ಎಂಬ ಕೊನೆಯ ಮಾತಷ್ಟೇ ಇರಬೇಕು. ನಾನು ಕಚೇರಿಯವರು ತರಿಸಿದ್ದ ಇನ್ನೊಂದು ಹರಿಗೋಲಿನ ಕಡೆ ಹೋದೆನೆಂದು ತಿಳಿದು ಹುಟ್ಟು ಹಾಕಿಕೊಂಡು ಹೋದ.

ಆ ಮುಂಜಾನೆಯಷ್ಟು ಸುಖವನ್ನು ನಾನು ಈ ಮನೆಗೆ ಬಂದ ಮೇಲೆ ಉಂಡಿಲ್ಲ. ಮೈಕಿಲ್ಲ, ಅತ್ತೆಯಿಲ್ಲ, ಸಮಿತಿಯಿಲ್ಲ. ಗಂಟು ಬಿಚ್ಚಲು ಬಾರದೆ ಚೀಲಗಳನ್ನು ಈಳಿಗೆಯಿಂದ ಕೊಯ್ದೆ. ಉಪ್ಪಿನ ಡಬ್ಬಿ ಮನೆಯವರ ಮದುವೆಯ ಕೋಟಿನ ತೋಳಿನೊಳಗೆ ಸಿಕ್ಕಿತು. ಬಿಸಿ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ, ಕೊಟ್ಟಿಗೆಯ ಬಾಗಿಲಲ್ಲಿ ಕೂತು ಉಂಡೆ. ಗಂಡಸರ ಪುಕ್ಕಲುತನದ ಬಗ್ಗೆ ಚಂದ್ರಿಗೆ ಒಂದು ದೊಡ್ಡ ಭಾಷಣವನ್ನೇ ಮಾಡಿದೆ. ಅದು ಮೆಲುಕು ಹಾಕುತ್ತ ತಲೆದೂಗಿತು. ಈ ಗಡ್ಡಿಯಲ್ಲಿ ಬುದ್ಧಿ ಇರುವವರು ನಾವಿಬ್ಬರೇ ಎಂದು ಒಪ್ಪಿಕೊಂಡೆವು.

ನೀರು ಸದ್ದು ಮಾಡಿಕೊಂಡು ಬರುತ್ತದೆಂದು ತಿಳಿದಿದ್ದೆ. ಹಾಗೆ ಬರಲಿಲ್ಲ. ಬಾಳೆಯ ಬುಡದಲ್ಲಿ ಏನೋ ಮಿಂಚಿತು. ಕೈ ತೊಳೆದು ಬರುವಷ್ಟರಲ್ಲಿ ಅಂಗಳದ ರಂಗೋಲಿ ಇರಲಿಲ್ಲ. ಮುಂದೆ ನೋಡಿದರೆ ಕೊಟ್ಟಿಗೆಯಲ್ಲಿ ಹಿಂಡಿಯ ಬುಟ್ಟಿ ತೇಲುತ್ತಿತ್ತು.

ಚಂದ್ರಿ ಎದ್ದು ನಿಂತು ನೀರನ್ನು ನೋಡಿತು. ಆಮೇಲೆ ನನ್ನನ್ನು ನೋಡಿತು.

"ಹೆದರಬ್ಯಾಡವ್ವಾ, ನಾ ಅದೀನಿ," ಎಂದೆ.

ಅದು ಕುತ್ತಿಗೆಯನ್ನು ಒಮ್ಮೆ ಜಗ್ಗಿತು. ಮನೆಯವರು ಮನೆಯ ತುಂಬಾ ಹಾಕಿದ ಗಂಟುಗಳಲ್ಲಿ ಒಂದನ್ನೂ ನನಗೆ ಬಿಚ್ಚಲಾಗಿರಲಿಲ್ಲ. ಎಮ್ಮೆಯ ಹಗ್ಗದ ಗಂಟು ಮಾತ್ರ ಜಡೆಯಂತೆ ಬಿಚ್ಚಿಕೊಂಡಿತು. ಸಂಜೆ ಕೆರೆಗೆ ಹೋಗುವ ಗತ್ತಿನಲ್ಲಿ ಚಂದ್ರಿ ನಡೆದು ಹೊಳೆಗಿಳಿಯಿತು. "ಚಂದ್ರೀ! ಎಲ್ಲಿಗೆ ಹೊಂಟಿ? ನಿನ್ನ ಸಲುವಾಗೇ ಉಳಿದೀನಲ್ಲೇ!" ಎಂದು ಒದರಿದೆ. ಮೂಗನ್ನು ಮೇಲೆತ್ತಿ, ಕೊಂಬುಗಳನ್ನು ಬೆನ್ನಿಗೆ ಒರಗಿಸಿ, ಅದು ನಿಶ್ಚಿಂತೆಯಿಂದ ದಡದ ಕಡೆ ಈಸಿತು. ಒಂದು ಸಲವಾದರೂ ಹಿಂದೆ ತಿರುಗಿ ನೋಡಿದ್ದರೆ ಸಮಾಧಾನವಾಗುತ್ತಿತ್ತು.

ಈಗ ಗಡ್ಡಿಯಲ್ಲಿ ಬುದ್ಧಿ ಇರುವವಳು ನಾನೊಬ್ಬಳೇ. ಹಿತ್ತಲಿನ ದೊಡ್ಡ ಬಂಡೆಯ ಮೇಲೆ ಹತ್ತಿದೆ. (ಹತ್ತುವಾಗ ಎರಡು ಸಲ ಜಾರಿ ಬಿದ್ದದ್ದನ್ನು ಯಾರೂ ನೋಡಿಲ್ಲ, ನೀವೂ ಮರೆತುಬಿಡಿ.) ಸುತ್ತ ಕೆಂಪು ನೀರು ಸುಳಿಸುಳಿಯಾಗಿ ಓಡುತ್ತಿತ್ತು. ನನ್ನ ಬಣವೆ ಅಡ್ಡಬಿದ್ದು, ಬಿಚ್ಚಿಕೊಂಡು, ಹುಲ್ಲು ಹುಲ್ಲಾಗಿ ಹೊರಟಿತು. ಟ್ಯಾಂಕರಿನ ನೀರು ಕಂಡು ಬೆಳೆದವಳು ನಾನು. ಇಷ್ಟು ನೀರು ಒಟ್ಟಿಗೆ ಒಂದು ಕಡೆ ಹೋಗುವುದನ್ನು ಹತ್ತಿರದಿಂದ ನೋಡಿರಲಿಲ್ಲ. ಹುಲಿಗೆಮ್ಮನನ್ನು ನೆನೆದೆ, ಆಮೇಲೆ ನೆನಪಿಗೆ ಬಂದ ದೇವರನ್ನೆಲ್ಲ ಕರೆದೆ. ಯಾರೂ ಬರದಿದ್ದಾಗ ಮನೆಯವರನ್ನೇ ಹೆಸರು ಹಿಡಿದು ಕರೆದೆ.

"ಗೌರೀಶಾ! ಏ ಗೌರೀಶಾ!"

ದಡದಲ್ಲಿ ಹೊಳೆ ನೋಡಲು ಜನ ನೆರೆದಿದ್ದರು. ಸೆರಗು ಬೀಸಿದೆ. ಅವರೂ ಕೈ ಬೀಸಿದರು. ಎರಡೂ ಕೈ ಎತ್ತಿ ಬೀಸಿದೆ. ಅವರೂ ಎರಡೂ ಕೈ ಎತ್ತಿದರು. ಒಬ್ಬಳಂತೂ ನನಗೆ ಬೆನ್ನು ಮಾಡಿ ನಿಂತು, ನಾನೂ ಬರುವಂತೆ ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ನಾನು ಒದರಿದೆ. ಕರುಳು ಬಾಯಿಗೆ ಬರುವಂತೆ ಒದರಿದೆ.

ಅದೇ ಹೊತ್ತಿಗೆ ಸಾಲೆಯಲ್ಲಿ ನಡೆದದ್ದು ನನಗೆ ಆಮೇಲೆ ತಿಳಿಯಿತು. ಮನೆಯವರು ಅಧಿಕಾರಿಗಳ ಮುಂದೆ ಎದೆಯುಬ್ಬಿಸಿ, "ಗಡ್ಡಿಯಾಗ ಒಂದ ನರಪಿಳ್ಳಿನೂ ಉಳಿದಿಲ್ರಿ ಸಾಹೇಬ್ರ, ಎಲ್ಲಾರೂ ಬಂದಾರ," ಎಂದು ಹೇಳಿ ಬೆನ್ನು ತಟ್ಟಿಸಿಕೊಳ್ಳುತ್ತಿದ್ದರಂತೆ. ಆಗ ನೀರು ತೊಟ್ಟಿಕ್ಕುತ್ತ ಚಂದ್ರಿ ಸಾಲೆಯ ಅಂಗಳಕ್ಕೆ ಕಾಲಿಟ್ಟಿತು. ಹೊರಸಿನ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದ ನಮ್ಮತ್ತೆ ಅದನ್ನು ದಿಟ್ಟಿಸಿ ನೋಡಿದರು.

"ಎಮ್ಮಿ ಬಂತಲ್ಲೋ ಗೌರೀಶ. ಭವಾನಿ ಎಲ್ಲಿ?"

ಉಮರಸಾಬ ಹುಟ್ಟು ಹಿಡಿದು ಓಡಿದ. ಮನೆಯವರು ಅವನ ಹಿಂದೆ ಚಪ್ಪಲಿ ಬಿಟ್ಟು ಓಡಿದರಂತೆ. ಆ ಸೆಳವಿನಲ್ಲಿ ಹರಿಗೋಲು ತಿರುಗುತ್ತ, ಜಾರುತ್ತ, ಕೊನೆಗೂ ನನ್ನ ಬಂಡೆಗೆ ತಾಗಿತು. ಮನೆಯವರೇ ಕೈ ಕೊಟ್ಟು ನನ್ನನ್ನು ಇಳಿಸಿಕೊಂಡರು. ದಡ ಮುಟ್ಟುವವರೆಗೂ ಅವರು ನನ್ನ ಮಣಿಕಟ್ಟನ್ನು ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ, ಆದರೆ ಮನಸ್ಸಿನಲ್ಲಿ ಒಂದೊಂದೇ ಮಾತನ್ನು ಮಸೆದು ಇಡುತ್ತಿದ್ದೆ.

ದಡದಲ್ಲಿ ಊರೇ ನಿಂತಿತ್ತು. ಅಧಿಕಾರಿಗಳು ಕೇಳಿದರು, "ಏನ್ರಿ ಗೌರೀಶ, ಸ್ವಂತ ಹೆಂಡ್ತಿ ಇಲ್ಲದ್ದು ಇಷ್ಟೊತ್ತನಕ ಗೊತ್ತಾಗಲಿಲ್ಲೇನ್ರಿ?"

ಮನೆಯವರು ತಲೆ ಕೆರೆದುಕೊಂಡರು. "ಮುಂಜಾನಿಂದ ಬೈಗುಳ ಕೇಳಿಸಲಿಲ್ರಿ ಸಾಹೇಬ್ರ. ಸಿಟ್ಟಾಗಿ ಮಾತು ಬಿಟ್ಟಾಳ ಅಂತ ತಿಳಿದೆ."

ಜನ ಗೊಳ್ಳೆಂದು ನಕ್ಕರು. ಸರಿ, ಈಗ ನನ್ನ ಸರದಿ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಎಮ್ಮೆ ಬಂದ ಮೇಲೆ ಹೆಂಡತಿಯನ್ನು ನೆನೆಸುವ ಗಂಡನಿಗೆ, ಹೊರಸು ಏರಿದ ಅತ್ತೆಗೆ, ಕೈ ಬೀಸಿದ ಮೂಢರಿಗೆ, ಒಟ್ಟಿಗೇ ಸಲ್ಲುವಂಥ ಮಾತನ್ನು ಆರಿಸಿಕೊಂಡೆ. ಉಸಿರೆಳೆದು ಬಾಯಿ ತೆರೆದೆ.

ಸೈಕಲ್ಲಿನ ಗಾಲಿಯಿಂದ ಗಾಳಿ ಹೋದಂಥ ಸಪ್ಪಳ ಬಂತು.

ಮತ್ತೊಮ್ಮೆ ತೆರೆದೆ. ಅಷ್ಟೂ ಬರಲಿಲ್ಲ. ಬಂಡೆಯ ಮೇಲೆ ಒದರಿ ಒದರಿ ಗಂಟಲು ಪೂರ್ತಿ ಕೂತುಹೋಗಿತ್ತು. ಸಾಲೆಗೆ ಬಂದಿದ್ದ ಡಾಕ್ಟರು ಬಾಯೊಳಗೆ ಬ್ಯಾಟರಿ ಹಾಕಿ ನೋಡಿ, ತಾನಾಗಿ ಸರಿಹೋಗುವ ತನಕ ಪಿಸುಮಾತೂ ಆಡಬೇಡಿ ಎಂದರು. ಮನೆಯವರು ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಚಂದ್ರಿ ಅವತ್ತೇ ಸಾಲೆಯ ಪಡಸಾಲೆಯಲ್ಲಿ ಹೆಣ್ಣುಕರು ಹಾಕಿತು. ಊರವರೆಲ್ಲ ಗಿಣ್ಣ ತಿಂದು ಎಮ್ಮೆಯ ತಿಳಿವಳಿಕೆಯನ್ನು ಕೊಂಡಾಡಿದರು. ಚಂಡಮಾರುತ ಆಂಧ್ರದಲ್ಲೇ ದಣಿದು, ನಮ್ಮ ಕಡೆ ಒಂದು ಸೋನೆ ಮಳೆಯನ್ನಷ್ಟೇ ಕಳಿಸಿತ್ತು. 'ನಾ ಹೇಳಿರಲಿಲ್ಲೇನು' ಎಂದು ಒಂದೇ ಒಂದು ಮಾತು ಹೇಳಲೂ ನನಗೆ ದನಿ ಇರಲಿಲ್ಲ.

ನೀರಿಳಿದು ಗಡ್ಡಿಗೆ ಮರಳಿದೆವು. ನಾನು ಅಂಗಳದ ಕೆಸರು ಬಳಿಯುತ್ತಿದ್ದೆ. ಮನೆಯವರು ಹೊರಸಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಮಲಗಿದ್ದರು. ಅವರ ಫೋನು ರಿಂಗಾಯಿತು.

"ಹಾಂ ಹೇಳ್ರಿ. ಈಗ ಪೂರಾ ಶಾಂತ ಐತ್ರಿ. ಗುಡುಗಿಲ್ಲ, ಸಿಡಿಲಿಲ್ಲ, ತಣ್ಣಗೈತಿ. ಇನ್ನೂ ಕೆಲವು ದಿನ ಹಿಂಗ ಇರತೈತಂತ... ಏ, ಹವಾಮಾನದವ್ರು ಯಾಕ ಹೇಳತಾರ್ರಿ, ಡಾಕ್ಟರು ಹೇಳ್ಯಾರ!"

ಫೋನಿನ ಆ ತುದಿಯಿಂದ ಹೊಟ್ಟೆ ಹಿಡಿದುಕೊಂಡು ನಗುವ ಸದ್ದು ಅಂಗಳದವರೆಗೂ ಕೇಳಿಸಿತು. ಆ ನಗು ನನಗೆ ಗುರುತು ಸಿಕ್ಕಿತು. ಕುಕನೂರಿನಿಂದ ನನ್ನ ಕ್ಷೇಮ ವಿಚಾರಿಸಲು ಫೋನು ಮಾಡಿದ್ದ ನನ್ನ ಸ್ವಂತ ಅಣ್ಣ, ಶಾಂತಕುಮಾರ.